ನಾಯಕಿಯ ಕೆನ್ನೆಯ ಮೇಲಿನ ತಪ್ಪು ಶಬ್ದ

ನನ್ನ ಮೊದಲ ಕಾದಂಬರಿಗೆ ಬಂದ ಮೊದಲ ಫೋನು ನಮ್ಮ ಬೆಳಗಾವಿಯದೇ ರಾಮತೀರ್ಥ ನಗರದಿಂದ. ನಿವೃತ್ತರಾದ ಹಿರಿಯರೊಬ್ಬರು, ಪುಸ್ತಕ ಓದಿ ಮುಗಿಸಿದೆ ಎಂದರು. ಹೊಗಳಿಕೆ ಕೇಳಿಸಿಕೊಳ್ಳಲು ಅಡುಗೆಮನೆ ತಕ್ಕ ಜಾಗವಲ್ಲ ಅನ್ನಿಸಿ, ಸೌಟು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಹಾಲಿಗೆ ಬಂದು ಸೋಫಾದ ಮೇಲೆ ನೆಟ್ಟಗೆ ಕುಳಿತೆ. ಅವರು ಗಂಟಲು ಸರಿಮಾಡಿಕೊಂಡರು.

"ಎಲ್ಲಾ ಛಲೋ ಬರದೀರಿ. ಆದ್ರ ಮುನ್ನೂರು ಪುಟದಾಗ ಆ ಹುಡುಗಿಗೆ ಯಾರೂ ಒಂದೀಟು ಔಷಧ ಹಚ್ಚಲಿಲ್ಲಲ್ರಿ?"

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಕೆರಳಲು ಬಹಳ ಹೊತ್ತು ಬೇಕಿಲ್ಲ. ಅದು ಮಾಯಾಲೋಕದ ಕತೆ, ಅಲ್ಲಿ ಮೆಡಿಕಲ್ ಶಾಪ್ ಇರುವುದಿಲ್ಲ ಎಂದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಅಷ್ಟು ದೊಡ್ಡ ಕಾಡಿನಲ್ಲಿ ಒಂದು ಅರಿಶಿನದ ಕೊಂಬಾದರೂ ಸಿಗುತ್ತಿತ್ತಲ್ಲ ಎಂದು ತುಂಬ ಕಳಕಳಿಯಿಂದ ಕೇಳಿದರು. ಇಂಥವರಿಗೆ ಕಾದಂಬರಿ ಯಾಕೆ ಬೇಕು, ಆರೋಗ್ಯ ಪುಟ ಓದಿಕೊಂಡು ಇರಬಾರದೇ ಎಂದು ಮನಸ್ಸಿನಲ್ಲೇ ಬೈದುಕೊಂಡು ಫೋನು ಇಟ್ಟೆ. ಒಲೆಯ ಮೇಲೆ ಪಲ್ಯ ತಳ ಹಿಡಿದಿತ್ತು.

ಕತೆ ಇಷ್ಟೇ. ಸೂರ್ಯನೇ ಮೂಡದ ಒಂದು ನಾಡು. ಅಲ್ಲೊಬ್ಬ ಹುಡುಗಿ, ಅವಳ ಎಡಗೆನ್ನೆಯ ಮೇಲೆ ಸುಟ್ಟ ಗುರುತು. ಜನ ಅವಳನ್ನು ಕಂಡರೆ ದಾರಿ ಬದಲಿಸುತ್ತಾರೆ. ಆಮೇಲೆ ಗೊತ್ತಾಗುತ್ತದೆ, ಬೆಳಕಿನ ನಾಡಿಗೆ ಹೋಗುವ ದಾರಿ ಇರುವುದು ಆ ಗುರುತಿನ ಗೆರೆಗಳಲ್ಲಿ ಎಂದು. ಅವಳು ಏಳು ಕಾಡು ದಾಟಿಸಿ ಎಲ್ಲರನ್ನೂ ಕರೆದೊಯ್ಯುತ್ತಾಳೆ. ಕೊನೆಗೆ ವನದೇವತೆ ಪ್ರತ್ಯಕ್ಷಳಾಗಿ, ಗುರುತು ಅಳಿಸಿಕೊಡಲೇ ಎಂದರೆ ಬೇಡ ಅನ್ನುತ್ತಾಳೆ. ನಾನು ಸಾಂಬ್ರಾ ವಿಮಾನ ನಿಲ್ದಾಣದ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಹಿಂದವಾಡಿಯ ಮನೆಯಿಂದ ಅಲ್ಲಿಗೆ ಹೋಗಿ ಬರುವ ಬಸ್ಸಿನಲ್ಲಿ ಎರಡು ವರ್ಷ ಕುಳಿತು, ಮೊಬೈಲಿನಲ್ಲಿ ಒಂದು ಬೆರಳಿನಿಂದ ಕುಟ್ಟಿ ಕುಟ್ಟಿ ಬರೆದದ್ದು. ತಲೆಯ ಮೇಲೆ ವಿಮಾನ ಹಾದರೆ ಪಾಠ ನಿಲ್ಲಿಸಿ ಕಾಯಬೇಕಾದ ಶಾಲೆ ನಮ್ಮದು, ಹಾಗಾಗಿ ಕಾದಂಬರಿಯಲ್ಲಿ ದೈತ್ಯ ಹಕ್ಕಿಗಳಿಗೇನೂ ಕೊರತೆಯಾಗಲಿಲ್ಲ.

ಆ ಕೆನ್ನೆ ಮಾತ್ರ ಕಲ್ಪನೆಯದಲ್ಲ. ಅದು ನಮ್ಮ ಅಕ್ಕನದು, ಮತ್ತು ಸುಟ್ಟದ್ದು ನನ್ನಿಂದ. ನನಗೆ ಆಗ ಐದು ವರ್ಷ, ಅವಳಿಗೆ ಒಂಬತ್ತು. ಖಾನಾಪುರದ ಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಮೊದಲ ರೊಟ್ಟಿ ಅಕ್ಕನ ತಾಟಿಗೆ ಬೀಳುವುದರಲ್ಲಿತ್ತು. ನನಗೇ ಬೇಕೆಂದು ಹಿಂದಿನಿಂದ ಅವಳನ್ನು ನೂಕಿದೆ, ಅವಳು ಕಾದ ಹಂಚಿನ ಮೇಲೆ ಬಿದ್ದಳು. ನೋಡಲು ಬಂದವರಿಗೆಲ್ಲ ಅವ್ವ, ಕಾಲು ಜಾರಿತು ಎಂದಳು. ಅಕ್ಕನೂ ಹಾಗೇ ಹೇಳಿದಳು. ಮೂವತ್ತೈದು ವರ್ಷದಿಂದ, ಕೇಳಿದವರಿಗೆಲ್ಲ, ಅವಳು ಹಾಗೇ ಹೇಳುತ್ತ ಬಂದಿದ್ದಾಳೆ. ನಾನು ಒಂದು ದಿನವೂ ತಪ್ಪಾಯಿತು ಅನ್ನಲಿಲ್ಲ. ನಾಲ್ಕು ಮಂದಿಯ ಮುಂದೆ ಪಟಪಟ ಮಾತಾಡುವ ನನಗೆ ಅದೊಂದಕ್ಕೆ ಬಾಯಿ ಬರಲಿಲ್ಲ. ಅದರ ಬದಲು ಮುನ್ನೂರು ಪುಟ ಬರೆದೆ, ಮೊದಲ ಪ್ರತಿಯನ್ನು ಅವಳಿಗೇ ಕೊರಿಯರ್ ಮಾಡಿದೆ.

ಅಕ್ಕ ಈಗಲೂ ಖಾನಾಪುರದಲ್ಲೇ ಇದ್ದಾಳೆ, ಅಲ್ಲೇ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ನರ್ಸು. ವಾರಕ್ಕೆರಡು ಸಲ ಫೋನು ಮಾಡುತ್ತಾಳೆ. ಉಪ್ಪಿನಕಾಯಿಯಿಂದ ಹಿಡಿದು ಹೊಸ ಡಾಕ್ಟರರ ಅಕ್ಷರದವರೆಗೆ ಎಲ್ಲ ಮಾತಾಡುತ್ತಾಳೆ. ಪುಸ್ತಕದ ಸುದ್ದಿ ಮಾತ್ರ ಎತ್ತುವುದಿಲ್ಲ. ಒಂದು ತಿಂಗಳಾಯಿತು, ಎರಡಾಯಿತು. ಬೇರೆ ಓದುಗರು ಏನು ಬೇಕಾದರೂ ಅನ್ನಲಿ, ನನಗೆ ಬೇಕಾಗಿದ್ದದ್ದು ಅವಳೊಬ್ಬಳ ಮಾತು. ಕೇಳುವ ಧೈರ್ಯ ಮಾತ್ರ ಇರಲಿಲ್ಲ.

ಬೇರೆಯವರು ಅನ್ನುವುದಕ್ಕೇನೂ ಕಡಿಮೆ ಮಾಡಲಿಲ್ಲ. ಹಿಂದವಾಡಿಯಲ್ಲಿ ನಮ್ಮ ಓಣಿಯ ಹೆಂಗಸರದೊಂದು ಓದುವ ಕೂಟವಿದೆ. ಶನಿವಾರ ಮಧ್ಯಾಹ್ನ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತೇವೆ. ನಿಜ ಹೇಳಬೇಕೆಂದರೆ ಪುಸ್ತಕಕ್ಕಿಂತ ಚುರುಮುರಿಯ ಮೇಲೆ ಎಲ್ಲರಿಗೂ ನಿಷ್ಠೆ ಹೆಚ್ಚು. ಆ ಶನಿವಾರ ನನ್ನ ಪುಸ್ತಕದ ಸರದಿ. ಬಾಜು ಮನೆಯವರು, ಊಟ ಮಾಡುತ್ತ ಓದಲು ಹೋಗಿ ತಾಟು ಸರಿಸಿ ಎದ್ದೆ ಎಂದರು. ನಾನು ಅದನ್ನು ರೋಮಾಂಚನ ಎಂದುಕೊಂಡು ಒಳಗೊಳಗೇ ಬೀಗಿದೆ. ಇನ್ನೊಬ್ಬರು ಮಗನಿಗೆ ಹೆಣ್ಣು ಹುಡುಕುತ್ತಿರುವವರು, ಕತೆಯ ರಾಜಕುಮಾರ ಅಷ್ಟು ಚೆನ್ನಾಗಿರುವಾಗ ನಾಯಕಿಗೆ ಅವನ ಜೊತೆ ಮದುವೆ ಯಾಕೆ ಮಾಡಿಸಲಿಲ್ಲ ಎಂದು ನನ್ನ ಮೇಲೆ ಮುನಿಸಿಕೊಂಡರು. ಕೂಟಕ್ಕೆಲ್ಲ ಕಿರಿಯವಳು, ಮೊಡವೆಯ ಗುಳಿಗಳಿಗೆ ಆರು ತಿಂಗಳಿಂದ ಚರ್ಮದ ಡಾಕ್ಟರರ ಹತ್ತಿರ ಓಡಾಡುತ್ತಿರುವ ಹುಡುಗಿ, ದೇವತೆ ಪುಕ್ಕಟೆ ಮಾಡಿಕೊಡುತ್ತೇನೆ ಅಂದರೆ ಯಾವ ಹುಡುಗಿ ಬೇಡ ಅನ್ನುತ್ತಾಳೆ, ಇದೊಂದು ಮಾತ್ರ ನಂಬಲು ಆಗಲಿಲ್ಲ ಎಂದಳು. ದೈತ್ಯ ಹಕ್ಕಿಯನ್ನು ಆರಾಮವಾಗಿ ನಂಬಿದ್ದಳು.

ಎಲ್ಲರಿಗಿಂತ ಹಿರಿಯರು ಕೊನೆಗೆ ಮಾತಾಡಿದರು. ಅವರ ಕಣ್ಣು ತುಂಬಿತ್ತು. ಅಷ್ಟು ಸೋರುವುದನ್ನು ಮುಖದ ಮೇಲೆ ಇಟ್ಟುಕೊಂಡು ಏಳು ಕಾಡು ನಡೆಯುವುದೆಂದರೆ ಸಾಮಾನ್ಯವೇ, ಅವಳ ಹತ್ತಿರ ಜನ ಬರದಿದ್ದರೂ ತಪ್ಪಿಲ್ಲ ಬಿಡಿ, ಪಾಪ ವಾಸನೆ ತಡೆಯಬೇಕಲ್ಲ ಎಂದರು. ಉಳಿದವರು ಹೌದೆಂದು ತಲೆ ಆಡಿಸಿದರು. ನಾನು ಚುರುಮುರಿಯ ಬಟ್ಟಲು ಹಿಡಿದುಕೊಂಡು ಪಿಳಿಪಿಳಿ ಕಣ್ಣು ಬಿಟ್ಟೆ. ಸೋರುವುದೇ? ವಾಸನೆಯೇ? ನಾನು ಅದನ್ನೆಲ್ಲಿ ಬರೆದಿದ್ದೆ?

ಸೋಮವಾರ ಸ್ಟಾಫ್ ರೂಮಿನಲ್ಲಿ ನಮ್ಮ ಕನ್ನಡದ ಮೇಷ್ಟ್ರ ಮುಂದೆ ಗೋಳು ತೋಡಿಕೊಂಡೆ. ಅವರು ಪುಸ್ತಕ ಬಿಡಿಸಿ ಒಂದು ಪುಟ ನೋಡಿದರು, ಇನ್ನೊಂದು ನೋಡಿದರು, ನಗು ತಡೆದುಕೊಂಡು ಕಪಾಟಿನಿಂದ ನಿಘಂಟು ತಂದು ಒಂದು ಶಬ್ದದ ಮೇಲೆ ಹೆಬ್ಬೆರಳು ಇಟ್ಟರು. ವ್ರಣ. ನಾನು ಪುಸ್ತಕದ ಉದ್ದಕ್ಕೂ ನಾಯಕಿಯ ಕೆನ್ನೆಯ ಗುರುತಿಗೆ ಬಳಸಿದ ಶಬ್ದ.

"ಮೇಡಂ, ವ್ರಣ ಅಂದ್ರ ಕೀವು ತುಂಬಿದ ಹುಣ್ಣು."

ಅಷ್ಟರಲ್ಲಿ ಮೇಲೆ ವಿಮಾನ ಬಂತು. ಹುಣ್ಣು ಎನ್ನುವುದನ್ನು ಅವರು ಎರಡು ಸಲ ಕೂಗಿ ಹೇಳಬೇಕಾಯಿತು, ಪಕ್ಕದ ಹತ್ತನೇ ತರಗತಿಗೆಲ್ಲ ಕೇಳಿಸಿತು.

ಅಯ್ಯ ಶಿವನೇ! ನೆಲ ಬಾಯಿಬಿಟ್ಟರೆ ಇಳಿದುಬಿಡುವ ಹಾಗಾಯಿತು. ವಿಜ್ಞಾನದ ಟೀಚರು ಬೇರೆ. ಶಬ್ದ ಎಲ್ಲಿಂದ ಬಂತೆಂದು ನೆನಪು ಮಾಡಿಕೊಳ್ಳಲು ಬಹಳ ಹೊತ್ತು ಬೇಕಾಗಲಿಲ್ಲ. ಖಾನಾಪುರದಲ್ಲಿ ನಮ್ಮದು ಕನ್ನಡದ ಮನೆಯಾದರೂ ಓಣಿಯ ತುದಿಗಿದ್ದದ್ದು ಮರಾಠಿ ಶಾಲೆ, ನಾವಿಬ್ಬರೂ ನಾಲ್ಕನೇ ತನಕ ಅಲ್ಲೇ ಕಲಿತದ್ದು. ಅಕ್ಕ ಶಾಲೆ ಬಿಡುವಾಗ ಹೆಡ್‌ಮಾಸ್ತರರು ಅವಳ ದಾಖಲೆ ತುಂಬಿಸಿದರು. ಗುರುತಿನ ಚಿಹ್ನೆ ಎನ್ನುವಲ್ಲಿ "ಡಾವ್ಯಾ ಗಾಲಾವರ ವ್ರಣ" ಎಂದು ಬರೆದು ಎಲ್ಲರ ಮುಂದೆ ಗಟ್ಟಿಯಾಗಿ ಓದಿದರು. ಎಡಗೆನ್ನೆಯ ಮೇಲೆ ಗಾಯದ ಗುರುತು ಎಂದರ್ಥ. ನಮ್ಮ ಕಡೆಯ ಮರಾಠಿಯಲ್ಲಿ ವ್ರಣ ಎಂದರೆ ಗಾಯ ಮಾಯ್ದ ಮೇಲೆ ಉಳಿಯುವ ಗುರುತು. ಒಂದನೇ ತರಗತಿಯ ಚಾಪೆಯ ಮೇಲೆ ಕುಳಿತಿದ್ದ ನನ್ನ ತಲೆಯಲ್ಲಿ ಆ ಶಬ್ದ ಗಟ್ಟಿಯಾಗಿ ಕೂತುಬಿಟ್ಟಿತು. ಕಾದಂಬರಿ ಬರೆಯುವಾಗ ಕಲೆ ಎಂದು ಬರೆಯಲು ಮನಸ್ಸು ಬರಲಿಲ್ಲ, ಸೀರೆಗೆ ಬಿದ್ದ ಚಹಾದ ನೆನಪಾಗುತ್ತಿತ್ತು. ವ್ರಣ ಎಂದರೆ ಗಂಭೀರವಾಗಿತ್ತು, ಸಂಸ್ಕೃತದ ಗತ್ತು ಇತ್ತು. ಎರಡೂ ಭಾಷೆಯಲ್ಲಿ ಬೆಳೆದವರಿಗೆ ಯಾವ ಶಬ್ದ ಯಾವ ಮನೆಯದೆಂದು ಗೊತ್ತೇ ಆಗುವುದಿಲ್ಲ. ಹೀಗೆ ನನ್ನ ನಾಯಕಿ ಮುನ್ನೂರು ಪುಟ ಕೀವು ಸೋರಿಸಿಕೊಂಡು ನಡೆದಳು.

ರಾಮತೀರ್ಥ ನಗರದ ಹಿರಿಯರಿಗೆ ಫೋನು ಮಾಡಿ ಕ್ಷಮೆ ಕೇಳಿದೆ. ಅವರು ಎಲ್ಲ ಕೇಳಿಸಿಕೊಂಡು ನಿರಾಳವಾಗಿ ಉಸಿರು ಬಿಟ್ಟರು. "ಹಂಗಾದ್ರ ಗಾಯ ಮೊದಲ ಮಾದೈತೇನ್ರಿ? ಪಾಡಾತು ಬಿಡ್ರಿ, ನನಗ ಅದೊಂದ ಚಿಂತಿ ಆಗಿತ್ತು" ಎಂದರು. ಇಂಥ ಓದುಗರನ್ನು ಆರೋಗ್ಯ ಪುಟ ಓದಿಕೊಂಡಿರಲಿ ಎಂದು ಬೈದುಕೊಂಡಿದ್ದೆನಲ್ಲ ಎಂದು ನಾಚಿಕೆಯಾಯಿತು.

ಖಾನಾಪುರದಲ್ಲಿ ಕತೆಯೇ ಬೇರೆ. ಅಲ್ಲಿ ಸ್ಟೇಷನರಿ ಅಂಗಡಿಯ ಮಾಲಕರೊಬ್ಬರು ನಾನು ಊರಿನ ಮಗಳೆಂಬ ಅಭಿಮಾನಕ್ಕೆ ಹತ್ತು ಪ್ರತಿ ಇಟ್ಟುಕೊಂಡಿದ್ದರು. ಒಂದು ಶಬ್ದ ತಪ್ಪಿದೆಯಂತೆ ಎಂದು ಹೇಳಿದ್ದಕ್ಕೆ ಅವರು ನನ್ನ ಮೇಲೇ ರೇಗಿದರು. ವ್ರಣ ಎಂದರೆ ವ್ರಣ, ಬೆಳಗಾವಿಯವರಿಗೆ ಕನ್ನಡ ಬರದಿದ್ದರೆ ನಾವೇನು ಮಾಡೋಣ ಎಂದರು. ಅದು ಮರಾಠಿ ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಅಲ್ಲಿ ಓದಿದವರ ತಕರಾರು, ಇಷ್ಟು ಸಣ್ಣ ಗುರುತಿಗೆ ಊರು ಯಾಕೆ ಅಷ್ಟು ರಾದ್ಧಾಂತ ಮಾಡಬೇಕು ಎನ್ನುವುದು. ಒಂದೇ ಪುಸ್ತಕ, ನಡುವೆ ಒಂದು ತಾಸಿನ ಬಸ್ ದಾರಿಯೂ ಇಲ್ಲ, ಅಲ್ಲಿ ಓದಿದ್ದೇ ಒಂದು ಕತೆ, ಇಲ್ಲಿ ಓದಿದ್ದೇ ಇನ್ನೊಂದು.

ಅಷ್ಟರಲ್ಲಿ ಪ್ರಕಾಶಕರು ಎರಡನೆಯ ಮುದ್ರಣಕ್ಕೆ ತಿದ್ದುಪಡಿ ಕಳಿಸಿ ಎಂದರು. ಕಂಪ್ಯೂಟರಿನಲ್ಲಿ ವ್ರಣ ತೆಗೆದು ಕಲೆ ಹಾಕುವುದು ಒಂದು ನಿಮಿಷದ ಕೆಲಸ. ಆದರೆ ಗುಂಡಿ ಒತ್ತಲು ಬೆರಳು ಏಳಲಿಲ್ಲ. ಅದು ಅಕ್ಕನ ಕೆನ್ನೆ. ಅವಳು ಏನೂ ಹೇಳದೆ ಅದರ ಹೆಸರು ಬದಲಿಸುವುದು ಹೇಗೆ? ಅದೇ ವಾರ ಮಾಮಾ, ಅಂದರೆ ಅಕ್ಕನ ಗಂಡ, ಬೇರೆ ಏನಕ್ಕೋ ಫೋನು ಮಾಡಿದವರು ಮಾತಿನ ನಡುವೆ, ನಿಮ್ಮಕ್ಕ ನಿನ್ನ ಪುಸ್ತಕವನ್ನು ಪೆನ್ಸಿಲ್ ಹಿಡಿದುಕೊಂಡು ಓದುತ್ತಿದ್ದಾಳೆ, ಇದು ಎರಡನೇ ಸಲ ಎಂದರು. ಭಾನುವಾರ ಬೆಳಿಗ್ಗೆಯೇ ಖಾನಾಪುರದ ಬಸ್ಸು ಹತ್ತಿದೆ.

ಅಕ್ಕ ಪಡಸಾಲೆಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತ ಕುಳಿತಿದ್ದಳು. ನಾನು ಚಪ್ಪಲಿ ಬಿಡುವ ಮೊದಲೇ ವ್ರಣದ ಪುರಾಣವೆಲ್ಲ ಒದರಿಬಿಟ್ಟೆ. ನಿಘಂಟು, ಮೇಷ್ಟ್ರು, ವಿಮಾನ, ಸ್ಟೇಷನರಿ ಅಂಗಡಿ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ದವಾಖಾನೆಯಲ್ಲಿ ಅವಳಿಗೆ ಇದು ದಿನದ ಪಾಡಂತೆ. ಯಾರಾದರೂ ವ್ರಣ ಎಂದು ಬಂದರೆ ಮೊದಲು ನಿಮ್ಮದು ಯಾವ ಭಾಷೆ ಎಂದು ಕೇಳಿ ಆಮೇಲೆ ಹತ್ತಿ ತೆಗೆಯುತ್ತಾಳಂತೆ. ನಾನೂ ನಕ್ಕೆ. ಗಂಡಾಂತರ ಕಳೆಯಿತು ಎಂದುಕೊಂಡೆ. ಅವಳು ಎದ್ದು ಒಳಗೆ ಹೋಗಿ ಪುಸ್ತಕ ತಂದು ನನ್ನ ತೊಡೆಯ ಮೇಲೆ ಇಟ್ಟಳು.

ಪೆನ್ಸಿಲ್ ಗೆರೆ ಇದ್ದದ್ದು ವ್ರಣದ ಕೆಳಗಲ್ಲ. ನಾಯಕಿ ಕೊಳದಲ್ಲಿ ಮುಖ ನೋಡಿಕೊಂಡ ಕಡೆ, ಕೈಯಿಂದ ಕೆನ್ನೆ ಮುಚ್ಚಿಕೊಂಡ ಕಡೆ, ಕತ್ತಿಯ ಅಲಗಿನಲ್ಲಿ ತನ್ನನ್ನು ಕಂಡು ಕಣ್ಣೀರು ಹಾಕಿದ ಕಡೆ. ಪುಸ್ತಕದುದ್ದಕ್ಕೂ ಇತ್ತು. ಕೊನೆಯ ಪುಟದಲ್ಲಿ ಲೆಕ್ಕ ಬರೆದಿದ್ದಳು, ನಲವತ್ತೊಂದು.

"ಇಷ್ಟ ಸಲ ಯಾರ ನೋಡ್ಕೋತಾರ? ನಾ ಮುಂಜಾನೆ ತಲಿ ಹಿಕ್ಕೊಳ್ಳುವಾಗ ಒಮ್ಮಿ ಕನ್ನಡಿ ನೋಡ್ತೀನಿ, ಮುಗೀತು. ಈ ಹುಡುಗಿ ನಾ ಅಲ್ಲ" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಭಯವಾದದ್ದು. "ನೋಡಾಕಿ ನೀನು. ಸಣ್ಣಾಕಿದ್ದಾಗಿಂದ ನನ್ನ ಕೂಡ ಮಾತಾಡುವಾಗ ನೀ ಇಲ್ಲೇ ನೋಡ್ತಿ. ಒಂದ ದಿನ ನನ್ನ ಕಣ್ಣಾಗ ಕಣ್ಣಿಟ್ಟ ಮಾತಾಡಿಲ್ಲ."

ಇಲ್ಲೇ ಎನ್ನುವಾಗ ಅವಳು ಕೆನ್ನೆ ಮುಟ್ಟಿಕೊಳ್ಳಲಿಲ್ಲ. ಮುಟ್ಟುವ ಅಗತ್ಯವಿರಲಿಲ್ಲ, ನಾನು ಆಗಲೂ ಅಲ್ಲೇ ನೋಡುತ್ತಿದ್ದೆ. ಮುನ್ನೂರು ಪುಟದಲ್ಲಿ ಬಾರದ ಮಾತು ಮೆಂತ್ಯದ ಕಡ್ಡಿಗಳ ನಡುವೆ ಬಂತು.

"ತಪ್ಪಾತಕ್ಕಾ. ಅವತ್ತ ನಾನಽ ನೂಕಿದ್ದು."

"ಗೊತ್ತೈತಿ. ನನ್ನ ಬೆನ್ನಿಗೆ ನಿನ್ನ ಕೈ ಹತ್ತಿದ್ದು ನನಗ ಗೊತ್ತಾಗೂದಿಲ್ಲೇನ?"

ಮೂಗು ಒರೆಸಿಕೊಂಡೆ. ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. ಕೊನೆಗೆ, ಪ್ರಕಾಶಕರಿಗೆ ಏನು ಹೇಳಲಿ, ಶಬ್ದ ತಿದ್ದಲೋ ಬಿಡಲೋ ಎಂದು ಕೇಳಿದೆ. ಬೇರೆ ಏನು ಕೇಳಬೇಕೋ ಗೊತ್ತಾಗಲಿಲ್ಲ.

"ಕಲೆ ಅಂತ ಹಾಕು. ನಂದು ಎಂದೋ ಮಾದೈತಿ" ಎಂದಳು ಅಕ್ಕ. "ವ್ರಣ ಇರೂದು ನಿಂದು."

ಹೂಂ ಎಂದೆ. ಅದನ್ನಾದರೂ ಅವಳ ಕಣ್ಣು ನೋಡಿ ಹೇಳಬೇಕೆಂದು ಹಟ ಹಿಡಿದು ತಲೆ ಎತ್ತಿದೆ. ಬಹಳ ಹೊತ್ತು ನೋಡಲು ಆಗಲಿಲ್ಲ, ದೃಷ್ಟಿ ಮತ್ತೆ ಕೆನ್ನೆಗೆ ಜಾರಿತು. ಅಕ್ಕ ನನ್ನ ಗದ್ದ ಹಿಡಿದು ಮುಖವನ್ನು ಮೇಲಕ್ಕೆತ್ತಿ, ಹಾಗೇ ಹಿಡಿದುಕೊಂಡಳು.