ತಕ್ಕಡಿಯಣ್ಣನ ನಾಲ್ಕನೆಯ ಸೀಟು

ತಕ್ಕಡಿ ರಿಪೇರಿ ಮಾಡುವವನಿಗೆ ಒಂದು ಊರು ಸಾಲುವುದಿಲ್ಲ. ಇವನಿಗೆ ಹನ್ನೊಂದು ಊರು. ಗುಜರಿ ಅಂಗಡಿಯ ಮಂಚದಗಲದ ತೂಕದ ಯಂತ್ರವಿರಲಿ, ತರಕಾರಿಯವಳ ಜೋಡಿ ತಟ್ಟೆಯಿರಲಿ, ಮುಳ್ಳು ಒಂದು ಕೂದಲು ಆಚೀಚೆ ಆದರೂ ಕರೆ ಬರುವುದು ಇವನಿಗೇ. ಎಲ್ಲರ ಬಾಯಲ್ಲೂ ತಕ್ಕಡಿಯಣ್ಣ. ಮನೆಯವರಿಟ್ಟ ಹೆಸರು ಅವನಿಗೇ ಮರೆತುಹೋಗುವಷ್ಟು ವರ್ಷವಾಗಿತ್ತು.

ಹನ್ನೊಂದು ಊರಿಗೂ ಅವನನ್ನು ಹೊತ್ತು ತಿರುಗಿದ್ದು ಒಂದು ಕ್ರೂಸರ್ ಬೈಕು. ಉದ್ದಕ್ಕೆ, ತಗ್ಗಿಗೆ, ಕೆಸರಲ್ಲಿ ಮಲಗಿದ ಕೋಣದ ಹಾಗೆ. ಕಾಲನ್ನು ಮುಂದಕ್ಕೆ ಚಾಚಿ, ಎದೆ ಸೆಟೆಸಿ ಕೂರಬೇಕು. ನೋಡುವವರಿಗೆ ರಾಜಠೀವಿ. ಕೂತವನ ಕಷ್ಟ ಬೇರೆ. ಕಾಲು ಮುಂದೆ ಹೋದಮೇಲೆ ಅದು ಮೈಭಾರ ಹೊರುವುದಿಲ್ಲ, ಅಷ್ಟೂ ಕುಂಡಿಯ ಪಾಲಿಗೇ ಬರುತ್ತದೆ. ಐವತ್ಮೂರು ತುಂಬುವ ಹೊತ್ತಿಗೆ ತಕ್ಕಡಿಯಣ್ಣನ ಬಾಲದ ಮೂಳೆ ತಕರಾರು ತೆಗೆಯಿತು. ಮೊದಮೊದಲು ನೂರು ಕಿಲೋಮೀಟರಿಗೆ ನೋವು, ಆಮೇಲೆ ಐವತ್ತಕ್ಕೆ, ಕೊನೆಕೊನೆಗೆ ಇಪ್ಪತ್ತಕ್ಕೇ. ಎಡಗಾಲು ಜೋಮು ಹಿಡಿದು, ಇಳಿಯುವಾಗ ಯಾವುದಾದರೂ ಕಂಬವನ್ನು ತಬ್ಬಿಕೊಳ್ಳಬೇಕಾಗುತ್ತಿತ್ತು.

ಹೆಂಡತಿ ಆಸ್ಪತ್ರೆಯಲ್ಲಿ ವಾರ್ಡ್ ಆಯಾ. ಸಂಜೆ ಬಂದವಳು ಕೈಕಾಲು ತೊಳೆದು ಗಂಡನ ಸೊಂಟಕ್ಕೆ ಮುಲಾಮು ತಿಕ್ಕುವುದಕ್ಕೆ ಕೂರಬೇಕು. ಒಂದು ದಿನ ತಿಕ್ಕುತ್ತ ತಿಕ್ಕುತ್ತ ಅಂದಳು:

"ರೀ, ಇಡೀ ದಿನ ರೋಗಿಗಳನ್ನ ಮಗ್ಗುಲು ಹೊರಳಿಸಿ ಬರ್ತೀನಿ. ಮನೇಲೂ ಅದೇ ಡ್ಯೂಟಿನಾ? ತಿಂಗಳ ಕೊನೇ ಭಾನುವಾರ ನಮ್ಮಣ್ಣನ ಪರಿಚಯದ ಒಬ್ಬ ಗಿರಾಕಿಗೆ ಬರೋಕೆ ಹೇಳಿದೀನಿ. ನಿಮ್ಮ ಆ ಕೋಣದಂಥ ಬೈಕನ್ನ ಕೊಟ್ಟುಬಿಡಿ. ನಮ್ಮಣ್ಣನ ಅಂಗಡೀಲಿ ಕುರ್ಚಿ ಖಾಲಿ ಇದೆ."

"ಆ ಕುರ್ಚೀಲಿ ಕೂತ್ರೆ ದಿನಾ ನಿಮ್ಮಣ್ಣನ ಬಾಯಿ ಕೇಳ್ಬೇಕು."

"ಬಾಯಿ ಕೇಳಿದ್ರೆ ಕಿವಿ ನೋಯುತ್ತೆ. ಕಿವಿಗೆ ಮುಲಾಮು ಹಚ್ಚೋದು ಸುಲಭ."

ಅವಳ ಮಾತಲ್ಲಿ ತಪ್ಪಿರಲಿಲ್ಲ. ಆದರೆ ಬೈಕು ಹೋದರೆ ಕಸುಬೂ ಹೋದಂತೆ. ಗುಜರಿಯವನು ತನ್ನ ತೂಕದ ಯಂತ್ರವನ್ನು ಹೆಗಲ ಮೇಲಿಟ್ಟುಕೊಂಡು ಬಸ್ಸು ಹತ್ತಿ ಇವನ ಮನೆಗೆ ಬರುತ್ತಾನೆಯೇ? ಹೆಂಡತಿಯ ಅಣ್ಣನ ಅಂಗಡಿಯಲ್ಲಿ ಮೊಳೆ ತಿರುಪು ಎಣಿಸಿಕೊಡುತ್ತ, ಊಟಕ್ಕೆ ಏಳಲೂ ಅಪ್ಪಣೆ ಕೇಳುತ್ತ ಸವೆಯಬೇಕು. ಮೂವತ್ತು ವರ್ಷ ಯಾರ ಕೈಕೆಳಗೂ ಇರದವನಿಗೆ ಅದಕ್ಕಿಂತ ಸೊಂಟನೋವೇ ವಾಸಿ ಅನ್ನಿಸಿತು.

"ಸೀಟು ಬದಲಾಯಿಸ್ತೀನಿ," ಅಂದ. "ಭಾನುವಾರದೊಳಗೆ ಸರಿಹೋಗದಿದ್ರೆ ನೀನೇ ಕೀಲಿ ಕೊಟ್ಟುಬಿಡು."

ಮಾತು ಕೊಟ್ಟದ್ದು ಸುಲಭ, ಸೀಟು ಆರಿಸುವುದು ಸುಲಭವಿರಲಿಲ್ಲ. ಬಿಡಿಭಾಗದ ಅಂಗಡಿಗೆ ಹೋಗಿ, ಬ್ರೆಡ್ಡು ಕೊಳ್ಳುವವನ ಹಾಗೆ ಒಂದೊಂದನ್ನೂ ಹೆಬ್ಬೆರಳಿಂದ ಒತ್ತಿ ನೋಡಿದ. ಎಲ್ಲಕ್ಕಿಂತ ಮೆತ್ತಗಿದ್ದದ್ದನ್ನು ತಂದ. ಹತ್ತು ಕಿಲೋಮೀಟರು ಸ್ವರ್ಗ. ಮೂವತ್ತಕ್ಕೆ ಸ್ಪಂಜು ಅಪ್ಪಚ್ಚಿಯಾಗಿ ಮೂಳೆ ನೇರ ತಗಡಿಗೆ ತಾಗಿತು. ಅದನ್ನು ಹಿಂದಿರುಗಿಸಿ, ಸೋಫಾದಷ್ಟು ದಪ್ಪನೆಯ ಇನ್ನೊಂದನ್ನು ತಂದ. ಅದು ಎಷ್ಟು ಎತ್ತರವೆಂದರೆ, ನಾಲ್ಕುದಾರಿ ಕೂಡುವಲ್ಲಿ ನಿಲ್ಲಿಸಿದಾಗ ಪಾದ ನೆಲಕ್ಕೆ ಎಟುಕದೆ ಕೋಣ ಮಗ್ಗುಲಾಯಿತು. ಎತ್ತಿ ನಿಲ್ಲಿಸಲು ಬಂದ ಬಸ್ ಡ್ರೈವರು ಸೀಟು ನೋಡಿ ನಕ್ಕ.

"ಅಣ್ಣ, ಇದು ಮದುಮಗನನ್ನ ಕೂರಿಸೋ ಸೀಟು. ಬಸ್ ಶೆಡ್ ಹಿಂದೆ ಸೂಜಿಯಕ್ಕ ಇದಾಳೆ, ನಮ್ಮ ಸೀಟೆಲ್ಲ ಹೊಲಿಯೋದು ಅವಳೇ. ಬಾಯಿ ಕೆಟ್ಟದ್ದು, ಕೈ ಒಳ್ಳೇದು."

ಸೂಜಿಯಕ್ಕನಿಗೆ ಅರವತ್ತು ದಾಟಿತ್ತು. ರೆಕ್ಸಿನ್ ಸುರುಳಿಗಳ ನಡುವೆ, ಗೋಣಿ ಹೊಲಿಯುವಂಥ ಸೂಜಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಕೂತಿದ್ದಳು. ಸೋಫಾ ಸೀಟನ್ನು ಒಮ್ಮೆ ಗುದ್ದಿ ಪಕ್ಕಕ್ಕೆ ತಳ್ಳಿದಳು.

"ಕೈಯಿಂದ ಒತ್ತಿ ನೋಡಿ ತಗೊಂಡೆಯಾ?"

"ಹೌದಕ್ಕ."

"ಕೈ ಮೇಲೆ ಕೂತು ಓಡಿಸ್ತೀಯಾ?"

ಅವಳು ಬೆಂಚಿನ ಮೇಲೆ ಒಂದು ದೊಡ್ಡ ತಗಡಿನ ತಟ್ಟೆಯಿಟ್ಟು, ಅದರ ತುಂಬ ಒದ್ದೆ ಮರಳು ಹರಡಿ, ಹಲಗೆಯಿಂದ ಸಮ ಮಾಡಿದಳು. ಮೇಲೊಂದು ಪ್ಲಾಸ್ಟಿಕ್ ಹಾಳೆ. ಎದುರಿಗೆ ಕಾಲಿಡಲು ಮರದ ಪೆಟ್ಟಿಗೆ. "ಬೈಕಲ್ಲಿ ಹೆಂಗೆ ಕೂರ್ತೀಯೋ ಹಂಗೇ ಕೂರು. ಡೌಲು ಮಾಡಬೇಡ."

ಕಾಲು ಚಾಚಿ ಕೂತ. ಅವಳು ಒಂದು ಹೊಲಿಗೆಯ ಸಾಲು ಮುಗಿಸುವಷ್ಟು ಹೊತ್ತು ಕೂರಿಸಿ ಎಬ್ಬಿಸಿದಳು. ಮರಳಲ್ಲಿ ಎರಡು ಗುಂಡಿ. ಎಡಗಡೆಯದು ಬಾವಿ, ಬಲಗಡೆಯದು ಎಮ್ಮೆಯ ಗೊರಸಿನ ಗುರುತಿನಷ್ಟು.

"ಒಂದೇ ಕಡೆ ಕೂರ್ತೀಯಲ್ಲೋ ತಮ್ಮಾ," ಅಂದಳು.

"ನಿನ್ನ ತಟ್ಟೆ ಓರೆ ಇದೆ ಅಕ್ಕ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ಮೂವತ್ತು ವರ್ಷ ಜಗತ್ತಿನ ಓರೆಕೋರೆ ತಿದ್ದಿದವನಿಗೆ ಈ ಮಾತು ಚುಚ್ಚಿತು. ಹಿಂದಿನ ಜೇಬಿನಿಂದ ಚರ್ಮದ ಚೀಲ ಎಳೆದು, ಅದರೊಳಗಿನ ರಸಮಟ್ಟ ತೆಗೆದ. ಗಾಜಿನ ಕೊಳವೆಯಲ್ಲಿ ಗುಳ್ಳೆಯೊಂದು ಓಡಾಡುವ ಆ ಪುಟ್ಟ ಪಟ್ಟಿಯನ್ನಿಡದೆ ಅವನು ಯಾವ ಯಂತ್ರವನ್ನೂ ಮುಟ್ಟುವವನಲ್ಲ. ಬೆಂಚಿನ ಮೇಲಿಟ್ಟ. ಗುಳ್ಳೆ ನಟ್ಟ ನಡುವೆ ನಿಂತಿತು. ತಟ್ಟೆಯ ಅಂಚಿಗಿಟ್ಟ. ಅಲ್ಲೂ ನಟ್ಟ ನಡುವೆ.

ಸೂಜಿಯಕ್ಕ ಗುಳ್ಳೆಯನ್ನು ನೋಡುತ್ತಿರಲಿಲ್ಲ. ಅವಳ ಕಣ್ಣು ಚೀಲದ ಮೇಲಿತ್ತು.

"ಅದನ್ನ ಎಲ್ಲಿಂದ ತೆಗೆದೆ?"

"ಜೇಬಿಂದ."

"ಯಾವ ಜೇಬು?"

ಬಲಗಡೆಯ ಹಿಂಜೇಬು. ತಿರುಪುಳಿ, ಚಿಮ್ಮಟ, ಹಿತ್ತಾಳೆಯ ಆರು ತೂಕದ ಬಟ್ಟು, ರಸಮಟ್ಟ, ಎಲ್ಲ ಸೇರಿ ಇಟ್ಟಿಗೆಯ ಅರ್ಧ ದಪ್ಪ. ಬೇರೆಲ್ಲಾದರೂ ಇಟ್ಟರೆ ಕಳೆದುಹೋದೀತೆಂಬ ಭಯಕ್ಕೆ ಅದರ ಮೇಲೇ ಕೂತು ಇಪ್ಪತ್ತೆರಡು ವರ್ಷ ಓಡಾಡಿದ್ದ. ಬಲ ಸೊಂಟ ಮೇಲೆ, ಎಡ ಸೊಂಟ ಕೆಳಗೆ. ಬಾಲದ ಮೂಳೆ ನಡುವೆ ಸಿಕ್ಕು ತಿರುಚಿಕೊಂಡು ಕೂತಿತ್ತು.

"ಊರವರ ತಕ್ಕಡಿಗೆಲ್ಲ ಮಟ್ಟ ಇಡ್ತೀಯ, ನಿನ್ನ ಬುಡಕ್ಕೆ ಒಂದು ದಿನ ಇಟ್ಟು ನೋಡಿಲ್ಲವಾ?" ಅನ್ನುತ್ತ ಸೂಜಿಯಕ್ಕ ನಗತೊಡಗಿದಳು. ನಗುವಿಗೆ ಹಲ್ಲಲ್ಲಿದ್ದ ಸೂಜಿ ಬಿದ್ದು, ಇಬ್ಬರೂ ನೆಲದ ಮೇಲೆ ಹುಡುಕಬೇಕಾಯಿತು.

ಚೀಲ ಪಕ್ಕಕ್ಕಿಟ್ಟು, ಅವಳು ಸಮ ಮಾಡಿದ ಮರಳಿನ ಮೇಲೆ ಮತ್ತೆ ಕೂತ. ಈ ಸಲ ಗುಂಡಿಗಳು ಹೆಚ್ಚುಕಡಿಮೆ ಅವಳಿಜವಳಿ. ಅವಳು ಗುಂಡಿಯಿಂದ ಗುಂಡಿಗೆ ಟೇಪು ಹಿಡಿದು ಅಳತೆ ಬರೆದುಕೊಂಡಳು. ಅಂಗಡಿಯ ಸೀಟೊಂದೂ ಅವನ ಮೂಳೆಯ ಅಗಲಕ್ಕಿರಲಿಲ್ಲ. ಫೋಮಿನ ತುಂಡುಗಳನ್ನು ಮುಂದಿಟ್ಟಾಗ ಅವನ ಹೆಬ್ಬೆರಳು ತಾನಾಗಿ ಮೆತ್ತನೆಯದರ ಕಡೆ ಹೋಯಿತು. ಅವಳು ಕೈಗೊಂದು ಏಟು ಕೊಟ್ಟು ಹಲಗೆಯಂಥದ್ದನ್ನು ಆರಿಸಿದಳು.

"ಇದು ಕಲ್ಲಲ್ಲವಾ ಅಕ್ಕ?"

"ಮೆತ್ತಗಿರೋದು ಹತ್ತು ನಿಮಿಷ ಸುಳ್ಳು ಹೇಳುತ್ತೆ. ಇದು ಎರಡು ತಾಸಾದ ಮೇಲೆ ನಿಜ ಹೇಳುತ್ತೆ. ಬಾಲದ ಮೂಳೆ ಹತ್ರ ಗಾಳಿಯಾಡೋ ಹಂಗೆ ಕೊರೀತೀನಿ. ಹಿಂದೆ ಸೊಂಟಕ್ಕೆ ಒಂದು ಏರು. ಶನಿವಾರ ಬಾ."

ಶನಿವಾರ ಸೀಟು ಬಿಗಿದುಕೊಂಡು, ಚೀಲವನ್ನು ಹ್ಯಾಂಡಲಿಗೆ ನೇತುಹಾಕಿ ಮನೆಗೆ ಬಂದರೆ ಹೆಂಡತಿ ತಯಾರಾಗಿ ಬಾಗಿಲಲ್ಲಿ ನಿಂತಿದ್ದಳು.

"ನಿಮ್ಮ ಬಾಯಿ ನಾನು ನಂಬಲ್ಲ. ಸತ್ರೂ ನೋವಿಲ್ಲ ಅಂತೀರ. ಹಿಂದೆ ಕೂತು ನಾನೇ ನೋಡ್ತೀನಿ."

ಹೊರಟರು. ಮೂರು ಊರು, ಹೋಗಿಬರಲು ನೂರಿಪ್ಪತ್ತು ಕಿಲೋಮೀಟರು. ಅವನು ಎಷ್ಟು ಸಲ ಸೊಂಟ ಎತ್ತುತ್ತಾನೆ ಎಂದು ಅವಳು ಅವನ ಹೆಗಲ ಮೇಲೆ ಬೆರಳು ಮಡಚುತ್ತ ಎಣಿಸತೊಡಗಿದಳು. ಇಪ್ಪತ್ತನೆಯ ಕಿಲೋಮೀಟರಿಗೆ ಅವನು ಹಲ್ಲುಕಚ್ಚಿ ನೋವಿಗೆ ಕಾದ. ಬರಲಿಲ್ಲ. ಮೂವತ್ತಕ್ಕೆ ಬಂದೀತು ಎಂದುಕೊಂಡ. ಆಗಲೂ ಇಲ್ಲ. ಹೇಳಿದ ಹೊತ್ತಿಗೆ ಬಾರದ ಬಸ್ಸಿನ ಬಗ್ಗೆ ಇಷ್ಟು ಸಂತೋಷ ಅವನಿಗೆ ಎಂದೂ ಆಗಿರಲಿಲ್ಲ. ಐವತ್ತು ದಾಟಿದ ಮೇಲೆ ಒಂದು ಸಣ್ಣ ಬಿಗಿತ ಕಾಣಿಸಿತು. ಹಳೆಯ ಗಾಯ, ಒಂದೇ ದಿನಕ್ಕೆ ಮನೆ ಖಾಲಿ ಮಾಡುತ್ತದೆಯೇ?

"ಎಷ್ಟಾಯ್ತೇ?" ಅಂತ ಕೂಗಿ ಕೇಳಿದ.

"ಏನು?"

"ಎಣಿಸ್ತಿದ್ದೆಯಲ್ಲ."

"ಎರಡಾಗಿತ್ತು. ಆಮೇಲೆ ಮರೆತೆ," ಅಂದಳು. "ರಸ್ತೆ ಬದಿ ಹೊಸ ಮನೆಗಳೆಲ್ಲ ನೋಡ್ತಾ ಇದ್ದೆ."

ಮೂರನೆಯ ಊರಿನ ಗುಜರಿ ಅಂಗಡಿಯ ಮುಂದೆ ಕೋಣ ನಿಂತಿತು. ತಕ್ಕಡಿಯಣ್ಣ ಕಾಲೆತ್ತಿ ಇಳಿದ. ಕೈ ಅಭ್ಯಾಸಕ್ಕೆ ಕಂಬ ಹುಡುಕಿ, ಬೇಡವೆಂದು ವಾಪಸು ಬಂತು. ಹೆಂಡತಿ ಅದನ್ನು ನೋಡಿದಳು. ಅವನು ಯಂತ್ರದ ಮುಂದೆ ಕುಕ್ಕರುಗಾಲಲ್ಲಿ ಕೂತು ತಿರುಪು ಬಿಚ್ಚತೊಡಗಿದ. ಬೆನ್ನ ಹಿಂದೆ ಅವಳು ಫೋನಿನಲ್ಲಿ ಮಾತಾಡುತ್ತಿದ್ದದ್ದು ಕೇಳಿಸಿತು.

"ಅಣ್ಣಾ, ಆ ಕುರ್ಚಿಗೆ ಬೇರೆ ಯಾರನ್ನಾದ್ರೂ ನೋಡ್ಕೊ. ಇಲ್ಲ, ಮುನಿಸೇನಿಲ್ಲ. ಇವರಿಗೆ ಅವರದೇ ಕೆಲಸ ಇದೆ. ನಾಳೆ ಆ ಗಿರಾಕೀನೂ ಬರೋದು ಬೇಡ ಅಂತ ಹೇಳಿಬಿಡು."

ತಕ್ಕಡಿಯಣ್ಣ ತಲೆಯೆತ್ತಲಿಲ್ಲ. ತಿಂಗಳಿಂದ ಹಿಡಿದಿಟ್ಟಿದ್ದ ಉಸಿರೊಂದು ಮೂಗಿನಿಂದ ಜೋರಾಗಿ ಹೊರಟು, ಯಂತ್ರದ ಮೇಲಿನ ತುಕ್ಕಿನ ಪುಡಿ ಹಾರಿ ಗುಜರಿಯವನ ಮುಖಕ್ಕೆ ಬಡಿಯಿತು.