ಅಸಿಂಗದ ಡಬ್ಬಿ

ನನ್ನ ಅಣ್ಣ ದೀನದಯಾಳನ್ ತಮಿಳುನಾಡಿನ ಸಿರುಮುಗೈಯಲ್ಲಿ ರೇಷ್ಮೆ ಸೀರೆ ನೇಯುವವನು. ಸಾವಿರಾರು ಎಳೆಗಳಲ್ಲಿ ಒಂದು ತುಂಡಾದರೂ ಅವನ ಬೆರಳಿಗೆ ಗೊತ್ತಾಗುತ್ತದೆ. ಕೂಡಲೇ ಮಗ್ಗ ನಿಲ್ಲಿಸಿ ಗಂಟು ಹಾಕುತ್ತಾನೆ. ಅಂಥವನು ಎರಡು ವರ್ಷಕ್ಕೂ ಹೆಚ್ಚು ಕಾಲ ಮಲದಲ್ಲಿ ರಕ್ತ ನೋಡಿಕೊಂಡು ಸುಮ್ಮನೆ ಕೂತಿದ್ದ. ಹೇಳುವಾಗ ಈಗಲೂ ನನ್ನ ಮೈ ಉರಿಯುತ್ತದೆ.

ಕೇಳಿದರೆ, "ಎಲ್ಲಾ ಸೂಡಮ್ಮಾ ಸುಶೀಲ. ದಿನಾ ಮಗ್ಗದ ಗುಳೀಲಿ ಕೂರೋನಿಗೆ ಮೂಲವ್ಯಾಧಿ ಬರ್ದೆ ಇನ್ನೇನು ಬಂದಾತು?" ಅನ್ನುತ್ತಿದ್ದ. ಸೂಡು ಅಂದರೆ ಉಷ್ಣ. ನಮ್ಮ ಬೀದಿಯಲ್ಲಿ ಎಲ್ಲ ಕಾಯಿಲೆಗೂ ಅದೊಂದೇ ಹೆಸರು. ಅತ್ತಿಗೆ ಶಾರದ ಮಜ್ಜಿಗೆಗೆ ಮೆಂತ್ಯ ಹಾಕಿ ಕೊಟ್ಟಳು, ಹೊಕ್ಕುಳಿಗೆ ಹರಳೆಣ್ಣೆ ಹಚ್ಚಿದಳು. ಅಣ್ಣ ಸೊರಗುತ್ತಲೇ ಹೋದ.

ಆ ಹೊತ್ತಿಗೇ ಶಾಲೆಯಲ್ಲಿ ಆರೋಗ್ಯ ಕ್ಯಾಂಪ್ ನಡೆಯಿತು. ಐವತ್ತು ದಾಟಿದವರಿಗೆಲ್ಲ ಒಂದು ಪುಟ್ಟ ಡಬ್ಬಿ ಕೊಟ್ಟರು. ಚೂರು ಮಲ ಹಾಕಿಟ್ಟು ಮರುದಿನ ತನ್ನಿ, ಕಣ್ಣಿಗೆ ಕಾಣದ ರಕ್ತವೂ ಗೊತ್ತಾಗುತ್ತದೆ ಎಂದರು. ರಕ್ತ ಕಣ್ಣಿಗೇ ಕಾಣುತ್ತಿದ್ದರೆ ಡಬ್ಬಿಗೂ ಕಾಯಬೇಡಿ, ನೇರ ಆಸ್ಪತ್ರೆಗೆ ಬನ್ನಿ ಎಂದೂ ಹೇಳಿದರು. ಅಣ್ಣ ತಲೆ ತಗ್ಗಿಸಿ ಕೇಳಿಸಿಕೊಂಡ, ಅಷ್ಟೇ.

ನಮ್ಮ ಮನೆಯೆಂದರೆ ಒಂದೇ ಕೋಣೆ, ಅದರಲ್ಲಿ ಮುಕ್ಕಾಲು ಪಾಲು ಮಗ್ಗ. ಮಗ್ಗ ನಮಗೆ ಸಾಕ್ಷಾತ್ ಚೌಡೇಶ್ವರಿ ಅಮ್ಮ. ಮಿಂದು, ಕೈ ಮುಗಿದೇ ಗುಳಿಗೆ ಇಳಿಯುವುದು. "ಅಮ್ಮ ಇರೋ ಮನೇಲಿ ಆ ಅಸಿಂಗಾನ ಒಂದು ರಾತ್ರಿ ಇಡೋದಾ?" ಎಂದ ಅಣ್ಣ, ಖಾಲಿ ಡಬ್ಬಿಯನ್ನೇ ಭವಾನಿ ಹೊಳೆಗೆ ಎಸೆದು ಬಂದ. ಅಸಿಂಗ ಅಂದರೆ ನಮ್ಮ ಬಾಯಲ್ಲಿ ಹೇಸಿಗೆಯೂ ಹೌದು, ನಾಚಿಕೆಗೇಡೂ ಹೌದು. ಬೀದಿಯ ಹಿರಿಯರು ಭೇಷ್ ಎಂದರು. ದೊಡ್ಡ ಮಡಿವಂತರು! ಪಕ್ಕದಲ್ಲೇ ನಿಂತಿದ್ದ ನಾನೂ ತುಟಿ ಬಿಚ್ಚಲಿಲ್ಲ. ನನ್ನ ಸಿಟ್ಟಿನಲ್ಲಿ ಒಂದು ಪಾಲು ನನ್ನ ಮೇಲೂ ಇದೆ.

ಎರಡು ವರ್ಷ ಹಾಗೇ ಕಳೆಯಿತು. ಒಂದು ದಿನ ಅಣ್ಣ ಗುಳಿಯಲ್ಲೇ ಕುಸಿದ. ನಾವು ಕೋವೈ ಅನ್ನುವ ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಕರುಳೊಳಗೆ ಕ್ಯಾಮೆರಾ ಬಿಟ್ಟು ನೋಡಿದರು. ದೊಡ್ಡಕರುಳಿನ ಕ್ಯಾನ್ಸರ್, ಲಿವರ್‌ಗೂ ಹಬ್ಬಿತ್ತು. "ಆಗಲೇ ಬಂದಿದ್ದರೆ..." ಎಂದು ಡಾಕ್ಟರಮ್ಮ ಅರ್ಧಕ್ಕೆ ನಿಲ್ಲಿಸಿದರು. ಕರುಳು ಕತ್ತರಿಸಿ ಹೊಟ್ಟೆಗೆ ಚೀಲ ಕಟ್ಟಿದರು. ಈಗ ಮಲವೆಲ್ಲ ಅದರೊಳಗೆ.

ನೋವಿಲ್ಲ, ರಕ್ತವಿಲ್ಲ ಎಂದು ಕೂರದೆ ಒಡಹುಟ್ಟಿದವರೂ ಅದೇ ಕ್ಯಾಮೆರಾ ಪರೀಕ್ಷೆ ಮಾಡಿಸಿಕೊಳ್ಳಲೇಬೇಕು ಎಂದರು ಡಾಕ್ಟರಮ್ಮ. ನಾನು ಮಾಡಿಸಿಕೊಂಡೆ. ಕಡಲೆಕಾಳಿನಷ್ಟು ಗಂಟು ಸಿಕ್ಕಿತು. ಅಲ್ಲೇ ತೆಗೆದರು, ಸಂಜೆಗೆ ಮನೆಯಲ್ಲಿದ್ದೆ. ತಮ್ಮ ಇಳಂಗೋ ಮಾತ್ರ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. "ಹಿಂದಿಂದ ಕ್ಯಾಮೆರಾ ಬಿಡೋದಾ? ಛೀ, ಅಸಿಂಗ. ನನಗೇನೂ ಇಲ್ಲ ಅಕ್ಕಾ."

ಮೊನ್ನೆ ಅದನ್ನೇ ಅಣ್ಣನ ಎದುರಿಗೂ ಹೇಳಿದ. ಅಣ್ಣ ಗುಳಿಯಲ್ಲಿದ್ದ. ದಿನಕ್ಕೊಂದು ಗಂಟೆಯಾದರೂ ನೇಯದಿದ್ದರೆ ಅವನಿಗೆ ಸಮಾಧಾನವಿಲ್ಲ. ಲಾಳಿ ಬದಿಗಿಟ್ಟು ಅಂಗಿ ಎತ್ತಿದ.

"ನೋಡು ತಂಬಿ. ಒಂದು ರಾತ್ರಿ ಡಬ್ಬೀಲಿ ಇಡಕ್ಕೆ ಅಸಿಂಗ ಅಂದೆ. ಈಗ ದಿನಾ ಹೊಟ್ಟೆ ಮೇಲೆ ಹೊತ್ಕೊಂಡು ಅಮ್ಮನ ಮುಂದೇನೇ ಕೂತಿದ್ದೀನಿ. ಅಮ್ಮ ಒಂದು ಮಾತೂ ಅನ್ಲಿಲ್ಲ. ಅಸಿಂಗ ಅಂದೋನು ನಾನೇ."

ಇಳಂಗೋ ನನ್ನ ಕಡೆ ತಿರುಗಿ, "ಕೋವೈ ಬಸ್ಸು ಎಷ್ಟೊತ್ತಿಗಕ್ಕಾ?" ಎಂದ.

"ಆರೂವರೆಗೆ" ಎಂದೆ. ಡಬ್ಬಿ ಹೊಳೆಗೆ ಬಿದ್ದ ದಿನವೂ ಆ ಬಸ್ಸು ಆರೂವರೆಗೇ ಹೊರಟಿತ್ತು.