ಹುಚ್ಚಬಳ್ಳಿ ಕಡಿದ ದಿನ

ಅಥವಾ ಆ ಗೋಣಿಚೀಲವನ್ನು ನಾನು ನೋಡಿದ್ದು ಮಧ್ಯಾಹ್ನವೇ ಇರಬೇಕು. ಬೆಳಿಗ್ಗೆ ಎಂದು ಬಹಳ ದಿನ ಅಂದುಕೊಂಡಿದ್ದೆ. ಆ ದಿನ ಹಿತ್ತಲಿನ ಬಾವಿಗೆ ಎರಡು ಸಲ ಹೋಗಿದ್ದೆ: ಬೆಳಿಗ್ಗೆ ಅವ್ವನ ಅಡುಗೆಗೆ ನೀರು ಸೇದಿ ಸೋಸಿ ತರಲು, ಮಧ್ಯಾಹ್ನ ಪಾತ್ರೆ ತೊಳೆಯಲು. ಎರಡೂ ಸಲ ಅದೇ ಕಟ್ಟೆ, ಅದೇ ಹಗ್ಗ, ಕೈಯಲ್ಲಿ ಅದೇ ಹಿತ್ತಾಳೆ ಕೊಡ. ಒಂದು ಸಲ ಮಾತ್ರ ಕಟ್ಟೆಯ ನೆರಳಿನಲ್ಲಿ ಒದ್ದೆ ಗೋಣಿಚೀಲದಲ್ಲಿ ಸುತ್ತಿದ ದ್ರಾಕ್ಷಿ ಕಡ್ಡಿಗಳ ಕಟ್ಟು ಇತ್ತು. ಯಾವ ಸಲ? ನೆರಳು ಯಾವ ಕಡೆ ಬಿದ್ದಿತ್ತು ಎಂದು ನೆನಪಿಸಿಕೊಳ್ಳಲು ನೋಡುತ್ತೇನೆ. ಅದು ಪ್ರತಿ ಸಲವೂ ನಾನು ಬೇಕೆಂದ ಕಡೆಗೇ ಬೀಳುತ್ತದೆ.

ನಮ್ಮ ಹೊಲ ಮಸಗುಪ್ಪಿಯಲ್ಲಿ. ಸುತ್ತಲೂ ಕಬ್ಬು, ನಡುವೆ ಅಪ್ಪನ ದ್ರಾಕ್ಷಿ. ತೊಂಬತ್ತರ ದಶಕದ ಮೊದಲಿಗೆ ಕೃಷ್ಣೆಯ ಆಚೆಯಿಂದ ಥಾಮ್ಸನ್ ಎಂಬ ಬೀಜವಿಲ್ಲದ ಜಾತಿಯ ಕಡ್ಡಿ ತಂದು, ಕಾಡುದ್ರಾಕ್ಷಿಯ ಬೇರಿಗೆ ಕಸಿ ಕಟ್ಟಿಸಿದ್ದ. ಎಲ್ಲ ಗಿಡ ಹಸಿರು ಹಣ್ಣು ಕೊಟ್ಟವು. ಕಾಲುವೆ ಕಡೆಯ ಸಾಲಿನ ಕೊನೆಯ ಗಿಡ ಮಾತ್ರ ಕಪ್ಪು ಹಣ್ಣು ಬಿಟ್ಟಿತು. ಸಣ್ಣ ಕಾಯಿ, ದಪ್ಪ ಸಿಪ್ಪೆ, ಒಳಗೆಲ್ಲ ಬೀಜ. ಕಸಿ ಸತ್ತು ಕೆಳಗಿನ ಕಾಡುಬೇರೇ ಚಿಗಿತಿದೆ ಎಂದು ಅಪ್ಪ ಹೇಳುತ್ತಿದ್ದ. ತಂದ ಕಟ್ಟಿನಲ್ಲೇ ಬೇರೆ ಜಾತಿಯ ಕಡ್ಡಿ ಒಂದು ಸೇರಿತ್ತು ಎನ್ನುವುದು ಅಪ್ಪನ ತಮ್ಮ, ನಮ್ಮ ಕಾಕಾನ ವಾದ. ಅವ್ವನಿಗೆ ಇದರಲ್ಲಿ ವಾದವೇ ಇರಲಿಲ್ಲ. “ಯಾರೋ ಬೀಜ ಉಗಳ್ಯಾರ, ಹುಟ್ಟೇತಿ.” ಮೂರರಲ್ಲಿ ಯಾವುದು ಖರೆ ಎಂದು ಯಾರೂ ಪರೀಕ್ಷಿಸಲಿಲ್ಲ. ತಿನ್ನುವ ದ್ರಾಕ್ಷಿಯ ವ್ಯಾಪಾರಿ ಒಂದು ಕಾಯಿ ಅಗಿದು ಉಗುಳಿ, “ಸಾವ್ಕಾರ್ರ, ಇದನ್ನ ಹಕ್ಕಿಗೆ ಬಿಡ್ರಿ” ಎಂದು ನಕ್ಕ. ಆಳುಗಳು ಅದಕ್ಕೆ ಹುಚ್ಚಬಳ್ಳಿ ಎಂದು ಹೆಸರಿಟ್ಟರು.

ಆಮೇಲೆ ಒಂದು ವರ್ಷ ಹೂ ಬಿಡುವ ಹೊತ್ತಿಗೆ ಮಳೆ ಹತ್ತಿಕೊಂಡಿತು. ಮೈಲುತುತ್ತ ಹೊಡೆದು ಹೊಡೆದು ಅಪ್ಪನ ಅಂಗಿ ನೀಲಿಯಾಯಿತು. ಆದರೂ ಥಾಮ್ಸನ್ ಗೊಂಚಲುಗಳು ಬೂದಿ ಹಿಡಿದು ಉದುರಿದವು. ಹುಚ್ಚಬಳ್ಳಿ ಮಾತ್ರ ಏನೂ ಆಗದವರ ಹಾಗೆ ನಿಂತಿತ್ತು. ಅಪ್ಪ ಅದರ ಮುಂದೆ ಬಹಳ ಹೊತ್ತು ಕುಳಿತಿದ್ದ. ಮುಂದೆ ಪ್ರತಿ ಛಾಟಣಿಗೆ, ಅಂದರೆ ಬಳ್ಳಿ ಸವರುವಾಗ, ಅದರ ಕಡ್ಡಿಗಳನ್ನು ಎತ್ತಿಟ್ಟು ನೆಡುತ್ತ ಹೋದ. ಒಂದು ಗಿಡ ಒಂದು ಸಾಲಾಯಿತು. ಕೆಲವು ವರ್ಷಗಳಲ್ಲಿ ಥಾಮ್ಸನ್ ಎಲ್ಲ ಕಿತ್ತು ತೋಟವೇ ಅದಾಯಿತು.

ಈ ಹಣ್ಣು ಯಾತಕ್ಕೆ ಎಂದು ಮೊದಲು ಹೊಳೆದದ್ದು ಕಾಕಾನಿಗೆ. ಸಂಕೇಶ್ವರದಲ್ಲಿ ಹಿರಣ್ಯಕೇಶಿಯ ದಂಡೆಗೆ ಅವನ ಹೊಲ. ಕೊಲ್ಲಾಪುರದ ಆಚೆ ಎಲ್ಲೋ ವೈನ್ ತಯಾರಿಸುವವನೊಬ್ಬನನ್ನು ಜೀಪಿನಲ್ಲಿ ಕೂರಿಸಿಕೊಂಡು ಬಂದ. ಆ ಮನುಷ್ಯ ಹಣ್ಣಿನ ರುಚಿ ಬಗ್ಗೆ ಏನೂ ಹೇಳಲಿಲ್ಲ. ಬೀಜಗಳನ್ನು ಅಂಗೈಗೆ ಉಗುಳಿ ಅವುಗಳ ಬಣ್ಣ ನೋಡಿದ. ಸಿಪ್ಪೆಯನ್ನು ಬಿಳಿ ಕರವಸ್ತ್ರದ ಮೇಲೆ ಒತ್ತಿ ತಿಕ್ಕಿದ, ಆ ಕಲೆಯನ್ನು ಬಿಸಿಲಿಗೆ ಹಿಡಿದು ನೋಡಿದ. ಆಮೇಲೆ ಮರಾಠಿಯಲ್ಲಿ ಅಪ್ಪನಿಗೆ ಏನೋ ಅಂದ. ಅಪ್ಪನ ಮುಖ ಆ ದಿನ ಅರಳಿದ ಹಾಗೆ ನಾನು ಮತ್ತೆ ನೋಡಲಿಲ್ಲ. ಹೌದು, ಇದು ಸುಲಭವಾಗಿ ಬರುವ ವಾಕ್ಯ. ಆದರೂ ಇರಲಿ.

ಕಾಕಾ ಅಡುಗೆಮನೆ ಬಾಗಿಲಿಗೆ ಬಂದು ನಿಂತ. ಅತ್ತಿಗೆಯನ್ನು ಅವನು ವೈನಿ ಎಂದೇ ಕರೆಯುತ್ತಿದ್ದ. “ವೈನೀ, ನಿಮ್ಮ ಹೊಲದಾಗ ವೈನ್ ಹರಿತೈತ್ರಿ ಇನ್ನ. ನಿಮ್ಮ ಹೆಸರ ಇಡೂಣೂ?”

ಅವ್ವ ನಗಲಿಲ್ಲ. “ಕುಡಿಯೂ ಹಣ್ಣಿಗೆ ನನ್ನ ಕರಿಬ್ಯಾಡ್ರಿ” ಎಂದಷ್ಟೇ ಹೇಳಿ ಒಲೆಯ ಕಡೆ ತಿರುಗಿದಳು.

ನಾವು ಜೈನರು. ಹೊತ್ತು ಮುಳುಗಿದ ಮೇಲೆ ಉಣ್ಣದ ಮನೆ. ಜೇನುತುಪ್ಪ ಕೂಡ ಹೊಸಿಲು ದಾಟಿ ಬಂದದ್ದಿಲ್ಲ. ಕೊಣ್ಣೂರಿನ ತವರಿನಿಂದ ಅವ್ವ ಈ ಕಟ್ಟುನಿಟ್ಟನ್ನು ಇನ್ನಷ್ಟು ಬಿಗಿಯಾಗಿ ತಂದಿದ್ದಳು. ನಾನು ಗೋಕಾಕದ ಕಾಲೇಜಿಗೆ ಹೋಗುವ ಹುಡುಗಿ. ಇದೆಲ್ಲ ನನಗೆ ಒಂದಿಷ್ಟು ತಮಾಷೆಯಾಗಿ ಕಾಣುತ್ತಿತ್ತು.

ತಮಾಷೆ ಮುಗಿದದ್ದು ಅವ್ವನ ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದು ಗೊತ್ತಾದಾಗ. ಮಿರಜಿನ ದವಾಖಾನೆಯಲ್ಲಿ ಆಪರೇಷನ್‌ಗೆ ದಿನ ಗೊತ್ತಾಯಿತು. ಅದೇ ಹೊತ್ತಿಗೆ, ಹಣ್ಣು ಮಾಗುವ ಫಾಲ್ಗುಣದಲ್ಲಿ, ದಿಗಂಬರ ಮುನಿಯೊಬ್ಬರು ಊರಿಂದೂರಿಗೆ ನಡೆಯುವ ವಿಹಾರದಲ್ಲಿ ನಮ್ಮೂರಿಗೆ ಬಂದು ಬಸದಿಯಲ್ಲಿ ಉಳಿದರು. ಮುನಿಗಳು ದಿನಕ್ಕೆ ಒಂದೇ ಸಲ, ನಿಂತು, ಅಂಗೈಯಲ್ಲೇ ಆಹಾರ ತೆಗೆದುಕೊಳ್ಳುತ್ತಾರೆ. ಬಸದಿಯಿಂದ ಹೊರಡುವ ಮುಂಚೆ ಮನಸ್ಸಿನಲ್ಲೇ ಒಂದು ನೇಮ ಹಿಡಿಯುತ್ತಾರೆ, ಇಂಥದ್ದು ಕಂಡ ಮನೆಯ ಮುಂದೆ ಮಾತ್ರ ನಿಲ್ಲುವುದೆಂದು. ಅದು ಏನೆಂದು ಯಾರಿಗೂ ಗೊತ್ತಿರುವುದಿಲ್ಲ. ಅದಕ್ಕೇ ಪ್ರತಿ ಬಾಗಿಲಲ್ಲಿ ಗಂಡ ಹೆಂಡತಿ ಮಡಿಯುಟ್ಟು, ಕಾಯಿಯೋ ಕಲಶವೋ ಹಣ್ಣೋ ಹಿಡಿದು, ಅವರನ್ನು ಕರೆಯುತ್ತ ನಿಲ್ಲುತ್ತಾರೆ. ಮುನಿ ನಿಂತರೆ, ಒಳಗೆ ಕರೆಯುವ ಮುಂಚೆ ಬಾಯಿಬಿಟ್ಟು ಹೇಳಬೇಕು: ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರಜಲ ಶುದ್ಧಿ.

ಅವ್ವನ ಕೈಯಿಂದ ಯಾವ ಮುನಿಗೂ ಒಮ್ಮೆಯೂ ಆಹಾರ ಆಗಿರಲಿಲ್ಲ. ಮಿರಜಿಗೆ ಹೋಗುವುದರೊಳಗೆ ಅದೊಂದು ಆಗಬೇಕು ಎಂದಳು. ಬೇರೆ ಏನನ್ನೂ ಅವಳು ಕೇಳಲಿಲ್ಲ.

ಮೊದಲ ದಿನ ತೆಂಗಿನಕಾಯಿ ಹಿಡಿದು ನಿಂತಳು. ಮುನಿ ಮುಂದೆ ನಡೆದರು. ಬಾಳೆಹಣ್ಣು ಹಿಡಿದ ದಿನವೂ ಅಷ್ಟೇ, ಲಿಂಬೆ ಹಿಡಿದ ದಿನವೂ ಅಷ್ಟೇ. ಪ್ರತಿ ಬೆಳಿಗ್ಗೆ ಸೋಸಿದ ನೀರಿನಲ್ಲಿ ಮಾಡಿದ ಅಡುಗೆ ಪ್ರತಿ ಮಧ್ಯಾಹ್ನ ನಾವೇ ಉಂಡೆವು. ಅವ್ವನಿಗೆ ಒಂದು ತುತ್ತು ಇಳಿಯುತ್ತಿರಲಿಲ್ಲ, ಅದು ಗಡ್ಡೆಯಿಂದಲೋ ದುಃಖದಿಂದಲೋ. ನಿಲ್ಲಲಾಗದೆ ಬಾಗಿಲ ಚೌಕಟ್ಟಿಗೆ ಬೆನ್ನು ಒತ್ತಿಕೊಂಡು ನಿಲ್ಲುತ್ತಿದ್ದಳು. ಎದುರು ಮನೆಯ ಮುದುಕಿ ತನ್ನ ಕಟ್ಟೆಯಿಂದಲೇ ಹೇಳಿದಳು: “ಹೊಲದಾಗ ದಾರೂ ಬೆಳಸಿ ಬಾಗಲದಾಗ ಕಲಶಾ ಹಿಡದ್ರ ಹೆಂಗವಾ? ಸ್ವಾಮಿಗೋಳ ಮೂಗಿಗೆ ವಾಸನಿ ಹತ್ತಂಗಿಲ್ಲೇನು?”

ಆ ಮಾತು ಅವ್ವನೊಳಗೆ ಮುಳ್ಳಿನ ಹಾಗೆ ಮುರಿದು ಉಳಿಯಿತು. ಸಂಜೆ ಅಪ್ಪ ತೋಟದಿಂದ ಬರುತ್ತಲೇ ಹಿಡಿದಳು.

“ಆ ಬಳ್ಳಿ ಕಿತ್ತ ಒಗೀರಿ.”

“ಬಳ್ಳಿ ಏನ ಕುಡದೈತೇನ?”

“ಕುಡಸತೈತಿ.”

“ಕಡದ್ರ ಹಿಂಸಾ, ಇಟ್ರ ದಾರೂ. ಯಾವ ಪಾಪ ಸಣ್ಣದು ಅಂತ ನಿನ್ನ ಸ್ವಾಮಿಗಳನ್ನ ಕೇಳ ಹೋಗು.”

“ಅವರು ನಿಂತರಲ್ಲಾ ಕೇಳೂದು.” ಅವ್ವ ಗೋಡೆ ಹಿಡಿದು ಕುಳಿತಳು. “ಸ್ವಾಮಿಗೋಳ ನಿಂತ್ರೂ ಮನಶುದ್ಧಿ ಅನ್ನಾಕ ನನಗ ನಾಲಿಗಿ ಹೊಳ್ಳವಲ್ತು. ಮನಸಿನಾಗ ಆ ಕರಿ ಹಣ್ಣ ಬರತೈತಿ.”

ಆ ಬಳ್ಳಿ ಅಪ್ಪನಿಗೆ ಏನಾಗಿತ್ತು ಎಂದು ನನಗೆ ಗೊತ್ತಿತ್ತು. ಊರೆಲ್ಲ ನಕ್ಕ ಗಿಡವನ್ನು ಅವನೊಬ್ಬನೇ ನಂಬಿದ್ದ. ಹೆಂಡತಿಯ ಹೊಟ್ಟೆಯ ಗಡ್ಡೆಗೆ ಅವನು ಏನೂ ಮಾಡುವಂತಿರಲಿಲ್ಲ. ಮಾಡಬಹುದಾದದ್ದು ಇದೊಂದೇ ಇತ್ತು, ಅದನ್ನು ಮಾಡಲು ಅವನಿಗೆ ಕೈ ಬರುತ್ತಿರಲಿಲ್ಲ.

ಮುನಿ ಮರುದಿನ ಊರು ಬಿಡುತ್ತಾರೆ ಎಂದು ಗೊತ್ತಾದ ಸಂಜೆ ಕಾಕಾ ಸಂಕೇಶ್ವರದಿಂದ ಬಂದ. ವೈನಿಯನ್ನು ನೋಡಲು ಬಂದೆ ಎಂದ. ಅಣ್ಣ ತಮ್ಮ ತೋಟದ ಕಡೆ ಹೋದರು. ಎಷ್ಟು ಹೊತ್ತಿಗೆ ತಿರುಗಿ ಬಂದರು ಎನ್ನುವುದು ನನ್ನ ನೆನಪಿನಲ್ಲಿ ಇಲ್ಲ. ಈ ಜಾಗಕ್ಕೆ ಬಂದಾಗೆಲ್ಲ ನಾನು ಏನಾದರೂ ತುಂಬಲು ನೋಡುತ್ತೇನೆ, ಕೊಡಲಿಯ ಸದ್ದು, ಕಾಕಾನ ಕೆಮ್ಮು. ಯಾವುದೂ ನಿಲ್ಲುವುದಿಲ್ಲ.

ಬೆಳಿಗ್ಗೆ ಅವ್ವ ಎಲ್ಲರಿಗಿಂತ ಮೊದಲು ಎದ್ದು ಬಾವಿಯ ಹತ್ತಿರ ಸ್ನಾನ ಮಾಡಿ ಬಂದಳು. ಆಮೇಲೆ ನಾನು ನೀರಿಗೆ ಹೋದೆ. ಅಡುಗೆಯಾಯಿತು. ಅಪ್ಪ ಮನೆಯಲ್ಲಿ ಇರಲಿಲ್ಲ. ಅವ್ವ ಒಬ್ಬಳೇ ಕಲಶ ಹಿಡಿದು ಬಾಗಿಲಿಗೆ ಹೋದಳು. ಬಸದಿಯ ಗಂಟೆ ಹೊಡೆಯುವ ಹೊತ್ತಿಗೆ ಅಪ್ಪ ಒದ್ದೆ ಧೋತ್ರದಲ್ಲೇ ಬಂದು ಪಕ್ಕದಲ್ಲಿ ನಿಂತ. “ಕಡದ ಬಂದೆ. ಎಲ್ಲಾ ಗಿಡ” ಎಂದ. ಅವ್ವ ಅವನ ಕೈ ನೋಡಿದಳು. ಉಜ್ಜಿ ತೊಳೆದಿದ್ದರೂ ಬೆರಳ ಸಂದಿಯಲ್ಲಿ ಆ ಕಪ್ಪು ಕಲೆ ಉಳಿದಿತ್ತು.

ಮುನಿ ಓಣಿಗೆ ಬಂದರು. ಎದುರು ಮನೆ ದಾಟಿದರು. ನಮ್ಮ ಬಾಗಿಲ ಮುಂದೆ ನಿಂತರು.

ಊರಿನವರು ಈಗ ಇದನ್ನು ಬೇರೆ ಥರ ಹೇಳುತ್ತಾರೆ. ಬಳ್ಳಿ ಕಡಿದದ್ದಕ್ಕೇ ನಿಂತರಂತೆ, ಅದೇ ಅವರ ನೇಮವಾಗಿತ್ತಂತೆ. ಇಷ್ಟು ಚೊಕ್ಕಟವಾದದ್ದನ್ನು ನಾನು ನಂಬಲಾರೆ. ಕಲಶ ಹಿಡಿದ ಜೋಡಿ ಎನ್ನುವುದಷ್ಟೇ ಆ ದಿನದ ನೇಮವಾಗಿದ್ದಿರಬಹುದು. ನನಗೆ ಕೇಳಿಸಿದ್ದು ಎರಡು ದನಿ. ಮನಶುದ್ಧಿ, ಎಂದು ಅವ್ವ ಗಟ್ಟಿಯಾಗಿ ಹೇಳಿದಳು, ಅಪ್ಪ ಅವಳ ಹಿಂದೆಯೇ ಮೆಲ್ಲಗೆ. ಆಹಾರ ಯಾವ ಅಡ್ಡಿಯೂ ಇಲ್ಲದೆ ನಡೆಯಿತು. ಮುನಿಯ ಅಂಗೈಗೆ ಹಾಲನ್ನು ಅವ್ವನೇ ಹಾಕಿದಳು.

ಮಧ್ಯಾಹ್ನ ಪಾತ್ರೆ ತೊಳೆದು ತೋಟಕ್ಕೆ ಹೋಗಿ ನೋಡಿದೆ. ಸಾಲು ಸಾಲು ಬಳ್ಳಿಗಳು ತಂತಿಗೆ ಜೋತು ಬಿದ್ದಿದ್ದವು. ಎಲೆ ಬಾಡಿದ್ದವು ಎಂದು ಒಮ್ಮೆ ನೆನಪಾಗುತ್ತದೆ, ಹಸಿರಾಗೇ ಇದ್ದವು ಎಂದು ಇನ್ನೊಮ್ಮೆ. ಸಂಜೆಯೊಳಗೆ ಕಾಕಾ ಹೊರಟುಹೋದ. ಚೀಲ ಅವನ ಜೊತೆ ಹೋಯಿತು.

ಆಪರೇಷನ್ ಆದ ಮೇಲೆ ಅವ್ವ ಕೆಲವೇ ದಿನ ಇದ್ದಳು. ಬಾಜೂ ಹಾಸಿಗೆಯವರಿಗೆಲ್ಲ ತನ್ನ ಕೈಯಿಂದ ಆಹಾರ ಆದ ಕತೆ ಹೇಳಿದಳು. ಅಪ್ಪ ಕಿಟಕಿ ಹತ್ತಿರ ಸ್ಟೂಲಿನ ಮೇಲೆ ಹೊರಗೆ ನೋಡುತ್ತ ಕೂತಿರುತ್ತಿದ್ದ.

“ಬೇರ ಸುದ್ದಾ ತಗಸ್ತೀರಿ ಹೌದಲ್ಲ?” ಎಂದು ಒಂದು ದಿನ ಕೇಳಿದಳು.

“ಹೂಂ.”

ಬೇರನ್ನು ಅವನು ಆಮೇಲೆ ತೆಗೆಸಿದ್ದು ನಿಜ. ಈಗ ಅಲ್ಲಿ ಕಬ್ಬು ಇದೆ. ಕಡ್ಡಿಯ ಬಗ್ಗೆ ಅವ್ವ ಕೇಳಲಿಲ್ಲ. ಅವಳು ಮಿರಜಿನಿಂದ ಮನೆಗೆ ಬರಲೂ ಇಲ್ಲ.

ಚೀಲದ ಕಡ್ಡಿಗಳು ಹಿರಣ್ಯಕೇಶಿಯ ದಂಡೆಯಲ್ಲಿ ಬೇರು ಬಿಟ್ಟವು. ಕಾಕಾನ ಹೊಲದಿಂದ ಹುಕ್ಕೇರಿ ಕಡೆಯ ಬೇರೆ ಹೊಲಗಳಿಗೆ, ಅಲ್ಲಿಂದ ಗಡಿಯಾಚೆಗೆ ಹೋದವು. ಮಳೆಗೆ ಹೆದರದ ವೈನ್ ದ್ರಾಕ್ಷಿ ಎಂದು ಜೀಪುಗಳು ಸಾಲಾಗಿ ಬಂದವು. ಕೆಲವು ವರ್ಷಗಳ ಮೇಲೆ ಕೊಲ್ಲಾಪುರದ ಅಂಗಡಿಯೊಂದರಲ್ಲಿ ಅದರ ಬಾಟಲಿ ನೋಡಿದೆ. ಹೆಸರು ಬೇರೆ. ನದಿದಂಡೆಯ ಪುರಾತನ ತಳಿ ಎಂದು ಚೀಟಿಯಲ್ಲಿತ್ತು. ಕೊಂಡು ತಂದು ಒಂದು ಗುಟುಕು ಕುಡಿದೆ. ನಾಲಿಗೆ ಒಗರಾಯಿತು. ಅದೇ ಹಣ್ಣೋ ಅಲ್ಲವೋ ಹೇಳಲಾಗಲಿಲ್ಲ. ಉಳಿದದ್ದನ್ನು ಚೆಲ್ಲಿದೆ.

ಕಾಕಾನನ್ನು ಕೇಳಿದೆ. ಒಮ್ಮೆ, “ನಿಮ್ಮಪ್ಪನ ಆರಿಸಿ ಕಟ್ಟಿ ಕೊಟ್ಟಾ, ಮುಂಚಿನ ದಿನಾನ” ಎಂದ. ಇನ್ನೊಮ್ಮೆ, “ಕಡದ ಬಿದ್ದಿದ್ವು, ಒಲಿಗೆ ಹೋಗೂವು, ನಾ ಎತಗೊಂಡ ಬಂದೆ” ಎಂದ. ಎರಡನ್ನೂ ಅಷ್ಟೇ ಖಾತ್ರಿಯಿಂದ ಹೇಳಿದ.

ಅಪ್ಪನನ್ನು ಕೇಳಲು ಬಹಳ ದಿನ ಧೈರ್ಯ ಬರಲಿಲ್ಲ. ಕೇಳಿದಾಗ ಅವನು ನನ್ನನ್ನೇ ಕೇಳಿದ: “ಚೀಲಾ ನೀ ನೋಡಿದ್ದೇನು? ಯಾವಾಗ?”

ಅವನ ಮುಖ ನೋಡಿ, “ಮಧ್ಯಾಹ್ನ” ಎಂದೆ.

“ಹಂಗಾರ ಮಧ್ಯಾಹ್ನನ ಇರಬೇಕ ತಗೀವಾ” ಎಂದ. ಆವತ್ತಿನಿಂದ ನನ್ನ ನೆನಪಿನಲ್ಲೂ ಅದು ಮಧ್ಯಾಹ್ನವೇ ಆಗುತ್ತ ಬಂದಿದೆ.

ಆ ಬಳ್ಳಿ ಎಲ್ಲಿಂದ ಬಂತು ನನಗೆ ಗೊತ್ತಿಲ್ಲ. ಮನಶುದ್ಧಿ ಎಂದಾಗ ಅಪ್ಪನ ಮನಸ್ಸಿನಲ್ಲಿ ಏನಿತ್ತು ಗೊತ್ತಿಲ್ಲ. ಚೀಲ ಬೆಳಿಗ್ಗೆಯೇ, ಅಂದರೆ ಮುನಿ ಬಾಗಿಲಿಗೆ ಬರುವ ಮುಂಚೆಯೇ, ಬಾವಿಕಟ್ಟೆಯ ಹತ್ತಿರ ಇದ್ದಿದ್ದರೆ, ನನಗಿಂತ ಮೊದಲು ಅಲ್ಲಿಗೆ ಹೋಗಿ ಬಂದವಳು ಅವ್ವ. ಅವಳು ಅದನ್ನು ನೋಡಿದ್ದಳೋ ಇಲ್ಲವೋ, ನನಗೆ ಗೊತ್ತಿಲ್ಲ.